ಶೀಷೆಗೆ ಕಟ್ಟಿದ ನೀಲಿ ಎಳೆ

ನಮ್ಮ ಮನೆಯಲ್ಲಿ ಸಾರಾಯಿ ಎಂಬ ಮಾತನ್ನು ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ. ಹೇಳಲೇಬೇಕಾದಾಗ ಅವ್ವ ‘ಆ ನೀರು’ ಎನ್ನುತ್ತಿದ್ದಳು. ಇಂಥ ಮನೆಯಲ್ಲಿ ಹುಟ್ಟಿ, ಹಣೆತುಂಬ ವಿಭೂತಿ ಹಚ್ಚಿಕೊಂಡು ಬೆಳೆದ ನಾನು ಆಯುಷ್ಯದ ಮೂರು ವರ್ಷವನ್ನು ಯಾವ ಸಾರಾಯಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಚಿಂತೆಯಲ್ಲೇ ಕಳೆದೆ. ಕುಡಿಯುವುದಕ್ಕಲ್ಲ. ಸತ್ತ ಓತಿ, ಹಾವು, ಕಪ್ಪೆಗಳನ್ನು ಕೆಡದಂತೆ ಇಡುವುದಕ್ಕೆ. ಚಳ್ಳಕೆರೆಯ ಪೇಟೆಯಲ್ಲಿ ಈ ಮಾತು ಹೇಳಿ ಯಾರನ್ನು ನಂಬಿಸಲಿ?

ಜರ್ಮನ್ ಯುದ್ಧ ಇನ್ನೂ ಶುರುವಾಗಿರಲಿಲ್ಲ. ನಾನು ಚಳ್ಳಕೆರೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಒಂದು ದಿನ ಪಟ್ಟಣದ ವಸ್ತು ಸಂಗ್ರಹಾಲಯದಿಂದ ಶಾಲೆಗೆ ಕಾಗದ ಬಂತು. ತಾಲ್ಲೂಕಿನ ಹಾವು, ಹಲ್ಲಿ, ಕಪ್ಪೆ, ಚೇಳುಗಳನ್ನು ಸ್ಪಿರಿಟ್ಟಿನಲ್ಲಿ ಹಾಕಿ ಕಳಿಸಿಕೊಡುವ ಉಪಾಧ್ಯಾಯರು ಬೇಕು, ಶೀಷೆಗಳನ್ನೂ ಒಂದು ಡಬ್ಬಿ ಸ್ಪಿರಿಟ್ಟನ್ನೂ ನಾವೇ ಕೊಡುತ್ತೇವೆ ಎಂದಿತ್ತು. ಉಳಿದ ಮೇಷ್ಟ್ರುಗಳು ಮೂಗು ಮುರಿದರು. ನಾನು ಒಪ್ಪಿಕೊಂಡೆ. ದನ ಮೇಯುವ ಕಾವಲಿನ ಬಯಲಲ್ಲಿ ತಿರುಗುವ ಚಟ ನನಗೆ ಚಿಕ್ಕಂದಿನದು. ಬೇಸಿಗೆಯಲ್ಲಿ ಅಲ್ಲಿನ ಕಲ್ಲುಗಳ ಮೇಲೆ ಒಂದು ಪುಟ್ಟ ಓತಿ ಬಂದು ಕೂರುತ್ತಿತ್ತು. ಮೈಯೆಲ್ಲ ಮಣ್ಣಿನ ಬಣ್ಣ. ಹೆಣ್ಣು ಹತ್ತಿರ ಇದ್ದಾಗ ಮಾತ್ರ ಗಂಡು ತನ್ನ ಗಂಟಲ ಕೆಳಗಿನ ಚರ್ಮವನ್ನು ಬೀಸಣಿಗೆಯ ಹಾಗೆ ಬಿಚ್ಚುತ್ತಿತ್ತು. ಆಗ ಕಾಣುತ್ತಿದ್ದ ನೀಲಿ ಎಂಥದ್ದೆಂದರೆ, ಇಷ್ಟು ಒಣಗಿದ ನೆಲಕ್ಕೆ ಅದು ಎಲ್ಲಿಂದ ಬಂತು ಎಂದು ನಾನು ಬಿಸಿಲಲ್ಲೇ ನಿಂತುಬಿಡುತ್ತಿದ್ದೆ. ಅದನ್ನು ಪಟ್ಟಣದವರು ನೋಡಬೇಕು ಎಂಬುದು ನನ್ನ ಆಸೆ.

ಡಬ್ಬಿ ಗಾಡಿಯಲ್ಲಿ ಬಂತು. ಅವ್ವ ಅದನ್ನು ಹೊಸ್ತಿಲು ದಾಟಿಸಲು ಬಿಡಲಿಲ್ಲ. ದನದ ಕೊಟ್ಟಿಗೆಯೇ ನನ್ನ ಕೆಲಸದ ಕೋಣೆಯಾಯಿತು. ಜೊತೆಗೆ ಬಂದ ಸೂಚನೆಯ ಹಾಳೆಯಲ್ಲಿ, ಸ್ಪಿರಿಟ್ಟಿಗೆ ನೀರು ಬೆರೆಸಿ ಅಳೆಯುವ ಸಾಧನದಲ್ಲಿ ಇಂತಿಷ್ಟು ಅಂಕಿ ಬರುವಂತೆ ನೋಡಿಕೊಳ್ಳಬೇಕು ಎಂದಿತ್ತು. ಆ ಸಾಧನ ನಾನು ಕಣ್ಣಿನಿಂದಲೂ ಕಂಡದ್ದಲ್ಲ. ಬಲವಾಗಿದ್ದಷ್ಟೂ ಒಳ್ಳೆಯದೇ ಅಲ್ಲವೇ ಎಂದುಕೊಂಡು ನೀರು ಬೆರೆಸದೆ ಕಪ್ಪೆಗಳನ್ನು ಹಾಕಿದೆ. ವಾರದೊಳಗೆ ಅವು ಒಣ ಹುಣಸೆಕಾಯಿಯ ಹಾಗೆ ಸುಕ್ಕಾದವು. ಹೆದರಿ ಮುಂದಿನ ಶೀಷೆಗಳಿಗೆ ಧಾರಾಳವಾಗಿ ನೀರು ಸುರಿದೆ. ಹಾವಿನ ಹೊಟ್ಟೆ ಉಬ್ಬಿ, ಕೊಟ್ಟಿಗೆಯ ಎಮ್ಮೆ ಕೂಡ ಒಳಗೆ ಬರಲು ಹಿಂಜರಿಯುವಂಥ ನಾತ ಎದ್ದಿತು.

ಅಷ್ಟರಲ್ಲಿ ಡಬ್ಬಿ ಬರಿದಾಯಿತು. ಆಸ್ಪತ್ರೆಯ ಡಾಕ್ಟರರು ದಯೆತೋರಿ ದೀಪ ಉರಿಸುವ ಸ್ಪಿರಿಟ್ಟನ್ನು ಒಂದಿಷ್ಟು ಕೊಟ್ಟರು. ಅದಕ್ಕೆ ನೀರು ಸೋಕಿದ್ದೇ ತಡ ಮಜ್ಜಿಗೆ ನೀರಿನಂತೆ ಬೆಳ್ಳಗಾಗಿ, ಒಳಗಿರುವುದು ಓತಿಯೋ ಬದನೆಕಾಯಿಯೋ ಗೊತ್ತಾಗದ ಹಾಗಾಯಿತು. ಕೊನೆಗೆ ತಲೆಗೆ ವಲ್ಲಿ ಸುತ್ತಿಕೊಂಡು ಸಾರಾಯಿ ಅಂಗಡಿಯ ಹಿಂಬಾಗಿಲಿಗೇ ಹೋದೆ. ಇರುವುದರಲ್ಲಿ ಒಳ್ಳೆಯದನ್ನು ಕೊಡು ಎಂದೆ. ಪಾಪ, ಅವನು ಮೇಷ್ಟ್ರು ಬಾಯಿಬಿಟ್ಟು ಕೇಳಿದ್ದಾರೆ ಎಂದು ಬೆಲ್ಲ, ಲವಂಗ, ಚಕ್ಕೆ ಎಲ್ಲ ಹಾಕಿ ಗೌಡರ ಮನೆಯ ಮದುವೆಗೆಂದು ಎತ್ತಿಟ್ಟಿದ್ದನ್ನೇ ಕೊಟ್ಟ. ನನ್ನ ಚೇಳುಗಳೆಲ್ಲ ಬೆಲ್ಲದ ಪಾಕದಲ್ಲಿ ಅದ್ದಿದ ಬಣ್ಣಕ್ಕೆ ತಿರುಗಿದವು.

ಆದರೂ ಎಲ್ಲವನ್ನೂ ಕಟ್ಟಿ ಕಳಿಸಿದೆ. ಸಂಗ್ರಹಾಲಯದ ಸಾಹೇಬರ ಉತ್ತರ ಮರ್ಯಾದೆಯಾಗಿಯೇ ಇತ್ತು. ಕಳಿಸಿದ ಯಾವುದೂ ಇಡಲು ಯೋಗ್ಯವಾಗಿಲ್ಲ. ಇನ್ನೊಂದು ಡಬ್ಬಿ ಕಳಿಸಿದ್ದೇವೆ, ಇದೇ ಕೊನೆಯದು. ನೀವು ಬರೆದಿರುವ ನೀಲಿ ಗಂಟಲಿನ ಓತಿ ಒಂದಾದರೂ ಕೆಡದೆ ಬಂದರೆ ಸಂತೋಷ. ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೇ ನಾನು ವರ್ಗವಾಗಿ ಮೊಳಕಾಲ್ಮೂರಿಗೆ ಬಂದೆ.

ಮೊಳಕಾಲ್ಮೂರಿನಲ್ಲಿ ನಾನು ಬಾಡಿಗೆಗೆ ಹಿಡಿದ ಮನೆಯ ಎದುರಿಗೆ ರೇಷ್ಮೆಗೆ ಬಣ್ಣ ಹಾಕುವವನ ಮನೆ. ಬೀದಿಯುದ್ದಕ್ಕೂ ಮಗ್ಗದ ಸದ್ದು. ಆ ಮಗ್ಗಗಳಿಗೆ ಬೇಕಾದ ರೇಷ್ಮೆ ನೂಲಿನ ಲಡಿಗಳು ಬಣ್ಣ ಪಡೆಯುತ್ತಿದ್ದುದು ಅವನ ಹಂಡೆಗಳಲ್ಲಿ. ನಲವತ್ತೈದು ದಾಟಿದ ಆಳು, ಮೊಣಕೈವರೆಗೆ ಒಂದೊಂದು ದಿನ ಒಂದೊಂದು ಬಣ್ಣ. ಬಂದ ವಾರದಲ್ಲೇ ನಾನು ಅವನನ್ನು ಅಣ್ಣ ಎನ್ನತೊಡಗಿದ್ದೆ, ಅವನ ಹೆಂಡತಿಯನ್ನು ಅಕ್ಕ.

ಒಂದು ಬೆಳಿಗ್ಗೆ ಜಗಲಿಯ ಮೇಲೆ ಕೂತು ಹೊಸ ಸ್ಪಿರಿಟ್ಟಿಗೆ ಅಂದಾಜಿನ ಮೇಲೆ ನೀರು ಬೆರೆಸಿ ಅಲ್ಲಾಡಿಸುತ್ತಿದ್ದೆ. ಎದುರಿನಿಂದ ಅಣ್ಣ ಕೂಗಿ ಹೇಳಿದ:

“ನೀರು ಜಾಸ್ತಿ ಆತ್ರಿ ಮೇಷ್ಟ್ರೇ.”

“ಅಲ್ಲಿಂದಲೇ ಹೆಂಗೆ ಗೊತ್ತಾಗುತ್ತಣ್ಣ?”

“ಮುತ್ತು ನೋಡ್ರಿ, ಅದೇ ಗುಳ್ಳೆ. ಅಲ್ಲಾಡಿಸಿದಾಗ ದಪ್ಪ ದಪ್ಪ ಮುತ್ತು ಎದ್ದು ಪಟಪಟ ಒಡೀಬೇಕು. ನಿಮ್ಮವು ಸಾಸಿವೆ ಕಾಳಿನಂಗೆ ಸಣ್ಣಗವೆ, ಒಡೆಯೋಕೇ ವಲ್ಲೆ ಅಂತವೆ.”

ಅವನು ಬೀದಿ ದಾಟಿ ಬಂದ. ಆದರೆ ಜಗಲಿ ಹತ್ತಲಿಲ್ಲ. ಹೆಗಲ ಮೇಲಿನ ಟವಲನ್ನು ನೀರಿನಲ್ಲಿ ಅದ್ದಿ ಮೂಗು ಬಾಯಿ ಎರಡೂ ಮುಚ್ಚುವ ಹಾಗೆ ಬಿಗಿದು ಕಟ್ಟಿಕೊಂಡು, ಆಮೇಲೆ ಶೀಷೆಯನ್ನು ಕೈಗೆ ತೆಗೆದುಕೊಂಡ. ಅಕ್ಕ ತನ್ನ ಬಾಗಿಲಲ್ಲಿ ರಾಟೆ ನಿಲ್ಲಿಸಿ ನೋಡುತ್ತಿದ್ದಳು.

ಟವಲು ಯಾಕೆ ಎಂದು ಕೇಳಿದೆ. ಅವನು ಮುಚ್ಚುಮರೆ ಮಾಡುವವನಲ್ಲ. ಇಪ್ಪತ್ತು ವರ್ಷ ಕುಡಿದಿದ್ದ. ಸೇಂದಿ, ಸಾರಾಯಿ, ಸಿಕ್ಕಿದ್ದು. ಅಕ್ಕ ಬೇಸತ್ತು ರಾಯದುರ್ಗದ ಕಡೆಯ ತನ್ನ ತವರಿಗೆ ಹೋಗಿ ಕೂತಿದ್ದಳು. ಆಮೇಲೆ ಇವನು ನಾಯಕನಹಟ್ಟಿಗೆ ನಡೆದುಕೊಂಡು ಹೋಗಿ ತಿಪ್ಪೇಸ್ವಾಮಿಯ ಮುಂದೆ ಆಣೆ ಮಾಡಿ ಬಂದ. ಅವಳು ತಿರುಗಿ ಬಂದಳು, ಆದರೆ ಒಂದು ಷರತ್ತಿನ ಮೇಲೆ. ದಿನಾ ಸಂಜೆ ಅವನು ಮನೆಗೆ ಬಂದಾಗ ಹೊಸ್ತಿಲ ಆಚೆ ನಿಂತು ಬಾಯಿ ತೆಗೆಯಬೇಕು, ಅವಳು ಮೂಸಿ ನೋಡಿ ಒಳಗೆ ಬಿಡಬೇಕು. ‘ನೋರು ತೆರುವು’, ಬಾಯಿ ತೆಗಿ ಎನ್ನುತ್ತಿದ್ದಳಂತೆ. ಬೀದಿಯವರಿಗೆ ತಿಳಿಯದಿರಲಿ ಎಂದು ತೆಲುಗಿನಲ್ಲಿ. ಮೊಳಕಾಲ್ಮೂರಿನಲ್ಲಿ ತೆಲುಗು ತಿಳಿಯದವರು ಯಾರಿದ್ದಾರೆ? ಎರಡು ವರ್ಷ ಹೀಗೆ ನಡೆದು, ಒಂದು ಸಂಜೆ ಅವಳೇ ಮೂಸುವುದನ್ನು ಬಿಟ್ಟಳು. ನಾನು ಬರುವ ಹೊತ್ತಿಗೆ ಅವನು ಕುಡಿತ ಬಿಟ್ಟು ನಾಲ್ಕು ವರ್ಷವಾಗಿತ್ತು.

“ಮೂಗಿಗೆ ಬಡಿದ್ರೆ ಆಸೆ ಆಗ್ತೈತೋ ಇಲ್ಲೋ ಅನ್ನೋದು ನಂಗೇ ಗೊತ್ತಿಲ್ರಿ,” ಎಂದ ಅಣ್ಣ ಟವಲಿನೊಳಗಿಂದ. “ಪರೀಕ್ಷೆ ಯಾಕೆ ಮಾಡಬೇಕು?”

ಹೀಗೆ ನನಗೆ ಗುರು ಸಿಕ್ಕಿದ. ಸೂಚನೆಯ ಹಾಳೆ ಹೇಳಿಕೊಡದೇ ಇದ್ದದ್ದನ್ನು ಅವನು ಕಲಿಸಿದ. ಮುತ್ತು ನೋಡಿದ ಮೇಲೆ ಹಳೇ ಬಟ್ಟೆಯ ಚೂರನ್ನು ಅದ್ದಿ ಕಡ್ಡಿ ಗೀರಬೇಕು. ಉರಿ ಹತ್ತದಿದ್ದರೆ ಬರೀ ನೀರು. ಉರಿದು ಬಟ್ಟೆ ಹಾಗೇ ಉಳಿದರೆ ಇನ್ನೂ ತೆಳು. ಬಟ್ಟೆಯೂ ಬೂದಿಯಾದರೆ ಅತಿ ಬಿರುಸು. ಅಂಚು ಮಾತ್ರ ಕಂದಿದರೆ ಓತಿಗೆ ಹದ. ಆ ಡಬ್ಬಿಯ ಸ್ಪಿರಿಟ್ಟಿಗೆ ಅದು ಮೂರು ಪಾಲಿಗೆ ಒಂದು ಪಾಲು ನೀರು ಎಂದು ಗೊತ್ತಾಯಿತು. ಕಪ್ಪೆಯ ವಿಷಯ ಬೇರೆ. ಅದನ್ನು ಮೊದಲು ತೆಳುವಾದದ್ದರಲ್ಲಿ ಎರಡು ದಿನ ಇಟ್ಟು ಆಮೇಲೆ ಗಟ್ಟಿಯಾದದ್ದಕ್ಕೆ ಹಾಕಬೇಕೆಂದ. “ರೇಷ್ಮೆನ ತಣ್ಣೀರಿನಾಗಿಂದ ಎತ್ತಿ ಒಂದೇ ಸಲ ಕುದಿಯೋ ಹಂಡೆಗೆ ಹಾಕಿದ್ರೆ ಮುದುಡಲ್ವೇನ್ರಿ? ಇದೂ ಹಂಗೇ.” ಎರಡು ವರ್ಷ ನಾನು ಕೊಂದು ಹಾಳುಮಾಡಿದ ಪ್ರಾಣಿಗಳು ಒಂದೊಂದಾಗಿ ನೆನಪಿಗೆ ಬಂದು ನಾಚಿಕೆಯಾಯಿತು.

ಬೇಸಿಗೆ ಬಂತು. ಊರಾಚೆಯ ಗುಡ್ಡದ ಬುಡದಲ್ಲೂ ನೀಲಿ ಗಂಟಲಿನ ಓತಿಗಳಿದ್ದವು. ಕಡ್ಡಿಯ ತುದಿಗೆ ರೇಷ್ಮೆ ಎಳೆಯ ಕುಣಿಕೆ ಮಾಡಿಕೊಟ್ಟವನೂ ಅಣ್ಣನೇ. ಒಂದು ಗಂಡನ್ನು ಹಿಡಿದು ಬುಟ್ಟಿಯಲ್ಲಿ ತಂದು ತೋರಿಸಿದೆ. ಅದು ಸಿಟ್ಟಿಗೆ ಗಂಟಲು ಬಿಚ್ಚಿತು. ಅಣ್ಣ ಬುಟ್ಟಿಯ ಮೇಲೆ ಬಗ್ಗಿ ಅದನ್ನೇ ನೋಡಿದ.

“ಇದು ನಿಲ್ಲಾಕಿಲ್ರಿ,” ಎಂದ ಕೊನೆಗೆ. “ಆ ಸ್ಪಿರಿಟ್ನಾಗೆ ಬಿದ್ರೆ ಬಣ್ಣ ಬಿಟ್ಟುಬಿಡ್ತೈತೆ. ಪಟ್ಟಣದೋರು ಬಿಳೀ ಗಂಟಲು ನೋಡಿ ಮೇಷ್ಟ್ರು ಸುಳ್ಳು ಬರ್ದಾನೆ ಅಂತಾರೆ.”

ಮರುದಿನ ಅವನು ಸೀರೆಯ ಕೆಲಸ ಬದಿಗಿಟ್ಟು ಒಂದು ಲಡಿ ರೇಷ್ಮೆ ತೆಗೆದುಕೊಂಡ. ಬುಟ್ಟಿಯ ಓತಿಯನ್ನು ಕೆಣಕಿ ಗಂಟಲು ನೋಡುವುದು, ಎಳೆಯನ್ನು ಹಂಡೆಗೆ ಇಳಿಸುವುದು, ಬಿಸಿಲಿಗೆ ಹಿಡಿಯುವುದು, ತಲೆ ಅಲ್ಲಾಡಿಸುವುದು. ನಾಲ್ಕನೆಯ ಸಲಕ್ಕೆ ಆ ನೀಲಿ ಬಂತು. ಓತಿಯ ಪಕ್ಕದಲ್ಲಿ ಹಿಡಿದರೆ ಯಾವುದು ಎಳೆ, ಯಾವುದು ಗಂಟಲು ಎಂದು ಹೇಳುವಂತಿರಲಿಲ್ಲ. ಅಕ್ಕ ಕೂಡ ಎದ್ದುಬಂದು ನೋಡಿ ನಕ್ಕಳು. ಆಮೇಲೆಯೇ ಓತಿಯನ್ನು ಶೀಷೆಗೆ ಹಾಕಿ, ಬಿರಡೆ ಬಿಗಿದು, ಮೇಲೆ ಜೇನುಮೇಣ ಹೊಯ್ದೆ. ನನಗೆ ಅಂಥ ಸಂತೋಷ ಬಹಳ ಕಾಲದಿಂದ ಆಗಿರಲಿಲ್ಲ.

ಸ್ಪಿರಿಟ್ಟು ಮೈಯೊಳಗೆ ಇಳಿಯುವವರೆಗೆ ಹದಿನೈದು ದಿನ ಇಟ್ಟುಕೊಂಡು ಆಮೇಲೆ ಕಳಿಸಬೇಕಿತ್ತು. ಆಗಲೇ ಅವ್ವ ಚಳ್ಳಕೆರೆಯಿಂದ ನನ್ನಲ್ಲಿಗೆ ಬಂದಳು. ಇಲ್ಲಿ ಕೊಟ್ಟಿಗೆ ಇರಲಿಲ್ಲ. “ಲಿಂಗಪೂಜೆ ಆಗೋ ಮನೆಯಾಗೆ ಆ ನೀರು ಇದ್ರೆ ನಾನು ಊಟ ಮಾಡಾಕಿಲ್ಲ,” ಎಂದಳು. ನಾನು ಹಿಂದೆಮುಂದೆ ನೋಡಲಿಲ್ಲ. ಶೀಷೆಯನ್ನು ಎತ್ತಿಕೊಂಡು ಬೀದಿ ದಾಟಿ ಅಣ್ಣನ ಮನೆಗೆ ಹೋದೆ. ಒಂದು ಹನಿ ಮುಟ್ಟದವನ ಮನೆಗೆ ಬೇಡವಾದದ್ದನ್ನು, ಇಪ್ಪತ್ತು ವರ್ಷ ಕುಡಿದು ಬಿಟ್ಟವನ ಮನೆಯಲ್ಲಿ ಇಡು ಎಂದು ಕೊಡುವುದು ಎಂಥ ಕೆಲಸ ಎಂದು ಆಗ ನನಗೆ ಹೊಳೆಯಲೇ ಇಲ್ಲ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅಕ್ಕನ ಮುಖ ಸಣ್ಣಗಾಯಿತು. ಅಣ್ಣ ಅವಳ ಕಡೆ ನೋಡಿ, “ಇಡ್ಲಿ ಬಿಡು,” ಎಂದ. ಒಳಗಿನ ಮೂಲೆಯಲ್ಲಿ ಅಲ್ಲ, ಬಣ್ಣದ ಒಲೆಯ ಮೇಲಿನ ಗೂಡಿನಲ್ಲಿ, ಬೀದಿಯಲ್ಲಿ ಹೋಗುವವರಿಗೂ ಕಾಣುವ ಹಾಗೆ ಇಟ್ಟ. ಇಟ್ಟು ಅವನು ಕೈ ತೊಳೆಯಲು ಹೋದಾಗ ನಾನು ಜೇಬಿನಿಂದ ಪೆನ್ನು ತೆಗೆದು, ಶೀಷೆಯ ಹಿಂಬದಿಯ ಚೀಟಿಯ ಅಂಚಿನಲ್ಲಿ, ಸ್ಪಿರಿಟ್ಟು ಎಲ್ಲಿಯವರೆಗೆ ಇತ್ತೋ ಅಲ್ಲಿ ಒಂದು ಮಸಿ ಚುಕ್ಕಿ ಇಟ್ಟೆ. ಸುಮ್ಮನೆ ಗುರುತಿಗೆ ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಹನ್ನೆರಡನೆಯ ದಿನ ಹೋಗಿ ನೋಡಿದರೆ ಸ್ಪಿರಿಟ್ಟು ಚುಕ್ಕಿಗಿಂತ ಒಂದು ಬೆರಳು ಕೆಳಗಿತ್ತು. ಬಿರಡೆ ಹಾಗೇ ಇತ್ತು. ಮೇಣ ಮಾತ್ರ ಒಂದು ಕಡೆ ಜಾರಿದಂತೆ ಕಂಡಿತು. ಅಣ್ಣ ಲಡಿ ಕೊಡಲು ಮಗ್ಗದವರ ಮನೆಗೆ ಹೋಗಿದ್ದ. ಅಕ್ಕ ಬಾಗಿಲಲ್ಲಿ ರಾಟೆ ತಿರುಗಿಸುತ್ತಿದ್ದಳು. ಅವನು ಬರುವ ತನಕ ತಡೆಯಬಹುದಿತ್ತು. ತಡೆಯಲಿಲ್ಲ.

“ಅಕ್ಕ, ಅಣ್ಣ ಏನಾದ್ರೂ ಈ ಶೀಷೆ ಮುಟ್ಟಿದ್ನಾ?”

ರಾಟೆ ನಿಂತಿತು. ಅವಳು ಎದ್ದು ಬಂದು ಶೀಷೆ ನೋಡಿದಳು, ನಾನು ತೋರಿಸಿದ ಚುಕ್ಕಿ ನೋಡಿದಳು. ಹೋಗಿ ಕೂತು ತಿರುಗಿ ರಾಟೆ ಹಿಡಿದಳು. ಎಳೆ ಕಿತ್ತುಹೋಯಿತು.

ಆ ದಿನ ಸಂಜೆ ನಾನು ಜಗಲಿಯ ಮೇಲೆ ಕೂತಿದ್ದೆ. ಅಣ್ಣ ಬಂದ. ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು.

“ನೋರು ತೆರುವು.”

ಅವನು ಅವಳನ್ನೇ ನೋಡಿದ. ಹೊಸ್ತಿಲ ಆಚೆ ನಿಂತು ಬಾಯಿ ತೆಗೆದ. ಬೀದಿಯಲ್ಲಿ ನೀರು ತರುತ್ತಿದ್ದ ಹೆಂಗಸರಿಬ್ಬರು ತಲೆ ತಗ್ಗಿಸಿಕೊಂಡು ದಾಟಿಹೋದರು. ನಾನು ಎದ್ದು ಒಳಗೆ ಹೋದೆ. ಆ ರಾತ್ರಿ ಊಟ ಸೇರಲಿಲ್ಲ.

ಬೆಳಿಗ್ಗೆ ಅವನು ನನ್ನನ್ನು ಕರೆದ. ಶೀಷೆ ಒಲೆಯ ಕಟ್ಟೆಯ ಮೇಲಿತ್ತು. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು.

“ನಿಮ್ಮ ಮಸಿ ಚುಕ್ಕಿ ನಾನು ಮೊದಲ್ನೇ ದಿನಾನೇ ನೋಡೀನ್ರಿ,” ಎಂದ. ದನಿ ಏರಿಸಲಿಲ್ಲ. “ಕುಡಿಯೋನಾಗಿದ್ರೆ ಕುಡಿದು ಚುಕ್ಕಿ ಮಟ್ಟಕ್ಕೆ ನೀರು ಹೊಯ್ದಿಡ್ತಿದ್ದೆ. ಕುಡುಕರಿಗೆ ಅಷ್ಟು ಬುದ್ಧಿ ಇರ್ತೈತೆ. ಒಲೆ ಕಾವಿಗೆ ಹಾರಿ ಹೋಗೈತ್ರಿ ಅದು.”

“ಬಿರಡೆ ಬಿಗಿಯಾಗೈತಲ್ಲಣ್ಣ,” ಎಂದೆ ನಾನು.

ಕೆರೆಯ ನೀರು ಬಿಸಿಲಿಗೆ ಆವಿಯಾಗಿ ಹೋಗುತ್ತದೆ ಎಂದು ವರ್ಷಾ ವರ್ಷ ಪಾಠ ಹೇಳುವವನು ನಾನು. ತೆರೆದಿಟ್ಟರೆ ಸ್ಪಿರಿಟ್ಟೂ ಹಾರುತ್ತದೆ ಎಂದು ಬಲ್ಲೆ. ಬಿರಡೆ ಹಾಕಿ ಮೇಣ ಹೊಯ್ದ ಶೀಷೆಯಿಂದ ಹೇಗೆ ಹಾರುತ್ತದೆ? ಅದೂ ಅಲ್ಲದೆ, ಹಾರಿ ಹೋಯಿತು ಎಂಬುದು ಊರಿನ ಕುಡುಕರೆಲ್ಲ ಹೆಂಡತಿಯರಿಗೆ ಹೇಳುವ ಮಾತು. ಅಕ್ಕ ಅದನ್ನು ಎಷ್ಟು ಸಲ ಕೇಳಿದ್ದಳೋ. ಅವಳು ಮೆಲ್ಲಗೆ, “ನಾಯಕನಹಟ್ಟಿ ಅಪ್ಪನ ಮೇಲೆ ಇನ್ನೊಂದು ಸಲ ಆಣೆ ಮಾಡು, ಸಾಕು,” ಎಂದಳು.

“ಒಂದು ಸಲ ಮಾಡೀನಿ,” ಎಂದ ಅಣ್ಣ. “ಎರಡ್ನೇ ಸಲ ಮಾಡಿದ್ರೆ ಮೊದಲ್ನೇದಕ್ಕೆ ಬೆಲೆ ಇಲ್ದಂಗಾಗ್ತೈತೆ. ಮಾಡಾಕಿಲ್ಲ. ನಿಂಗೆ ಮೂಸ್ಬೇಕು ಅಂದ್ರೆ ಮೂಸು. ನಾನು ದಿನಾ ಬಾಯಿ ತೆಗೀತೀನಿ.”

ಆಮೇಲೆ ಟವಲು ಕಟ್ಟಿಕೊಂಡು, ನನ್ನ ಕೈಯಲ್ಲೇ ಸ್ಪಿರಿಟ್ಟು ತರಿಸಿ, ಮುತ್ತು ನೋಡಿ, ಬಟ್ಟೆ ಸುಟ್ಟು ನೋಡಿ, ಹದ ಮಾಡಿ ಶೀಷೆ ತುಂಬಿಸಿದ. ಮೇಣ ಬೇಡವೆಂದು ಅರಗು ಕರಗಿಸಿ ಬಾಯಿ ಮುಚ್ಚಿದ. ಕೊನೆಗೆ ಆ ನೀಲಿ ರೇಷ್ಮೆಯಲ್ಲಿ ನಾಲ್ಕು ಎಳೆ ಹುರಿ ಮಾಡಿ, ಸ್ಪಿರಿಟ್ಟಿನ ಮಟ್ಟಕ್ಕೆ ಸರಿಯಾಗಿ ಶೀಷೆಯ ಸುತ್ತ ಕಟ್ಟಿ ಗಂಟು ಹಾಕಿದ.

“ಗುರುತು ಹಿಂದ್ಗಡೆ ಯಾಕ್ರಿ ಮೇಷ್ಟ್ರೇ,” ಎಂದ. “ಎಲ್ರಿಗೂ ಕಾಣೋ ಹಂಗೆ ಇರ್ಲಿ.”

ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಅವನ ಮಾತು ಅರ್ಧ ನಂಬಿದ್ದೆ, ಇನ್ನರ್ಧ ನಂಬಿರಲಿಲ್ಲ. ಶೀಷೆಗೆ ಹುಲ್ಲು ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಪಟ್ಟಣಕ್ಕೆ ಕಳಿಸಿದೆ. ಎಳೆಯ ಬಣ್ಣವೇ ಗಂಟಲಿನ ಬಣ್ಣ ಎಂದು ಚೀಟಿಯಲ್ಲಿ ಬರೆದೆ. ಎಳೆ ಕಟ್ಟಿದ ಇನ್ನೊಂದು ಕಾರಣವನ್ನು ಬರೆಯಲಿಲ್ಲ. ತಿಂಗಳಾದ ಮೇಲೆ ಸಾಹೇಬರಿಂದ ಕಾಗದ ಬಂತು. ಓತಿ ಚೆನ್ನಾಗಿ ಬಂದಿದೆ, ಸಂಗ್ರಹಕ್ಕೆ ಸೇರಿಸಿದ್ದೇವೆ, ಆ ರೇಷ್ಮೆಯ ಎಳೆ ಬಹಳ ಮೆಚ್ಚಿಗೆಯಾಯಿತು. ಓದಿ ಹೇಳಿದೆ. ಅಣ್ಣ ಹಂಡೆ ಕಲಕುತ್ತಲೇ ಕೇಳಿ, “ಚಲೋ ಆತು,” ಎಂದ. ಅವತ್ತಿನ ಸಂಜೆಯೂ ಹೊಸ್ತಿಲ ಆಚೆ ನಿಂತು ಬಾಯಿ ತೆಗೆದ.

ಹೀಗೆ ಒಂದು ವರ್ಷ ನಡೆಯಿತು. ಬೀದಿಗೆ ಅದು ಅಭ್ಯಾಸವಾಗಿಹೋಯಿತು. ನನಗೆ ಮಾತ್ರ ಆಗಲಿಲ್ಲ. ಸಂಜೆಯಾದರೆ ನಾನು ಜಗಲಿ ಬಿಟ್ಟು ಹಿತ್ತಲಿಗೆ ಹೋಗಿ ಕೂರುತ್ತಿದ್ದೆ. ಅಣ್ಣ ಮೊದಲಿನಂತೆಯೇ ಮಾತಾಡಿಸುತ್ತಿದ್ದ, ಕಪ್ಪೆಗೆ ಹದ ಮಾಡಿಕೊಡುತ್ತಿದ್ದ. ಆದರೆ ನನ್ನ ಯಾವ ಶೀಷೆಯನ್ನೂ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ನಾನೂ ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಉಪಾಧ್ಯಾಯರ ಪರೀಕ್ಷೆಗೆಂದು ಪಟ್ಟಣಕ್ಕೆ ಹೋದೆ. ಪರೀಕ್ಷೆ ಮುಗಿದ ಮಧ್ಯಾಹ್ನ ಸಂಗ್ರಹಾಲಯ ಹುಡುಕಿಕೊಂಡು ಹೋಗಿ, ನನ್ನ ಓತಿಯನ್ನು ನೋಡಬೇಕು ಎಂದೆ. ಬೀಗದ ಕೈ ಹಿಡಿದ ವಯಸ್ಸಾದ ಜವಾನರೊಬ್ಬರು ಬೀರುಗಳ ಸಾಲಿಗೆ ಕರೆದುಕೊಂಡು ಹೋದರು. ಗಾಜಿನ ಹಿಂದೆ ನಮ್ಮ ಶೀಷೆ ಇತ್ತು. ನನ್ನ ಅಕ್ಷರದ ಚೀಟಿ, ಅಣ್ಣ ಹಾಕಿದ ಅರಗು, ಎಲ್ಲ ಹಾಗೇ ಇತ್ತು. ಓತಿಯ ಗಂಟಲು ಅವನು ಹೇಳಿದಂತೆ ಬಿಳಿಚಿಕೊಂಡಿತ್ತು. ಎಳೆ ಮಾತ್ರ ಹಾಗೇ ನೀಲಿಯಾಗಿತ್ತು. ನೋಡಿ ಎದೆ ತುಂಬಿ ಬಂತು.

ಆಮೇಲೆ ನೋಡಿದೆ. ಸ್ಪಿರಿಟ್ಟು ಎಳೆಗಿಂತ ಒಂದು ಬೆರಳು ಕೆಳಗಿತ್ತು.

“ಇದನ್ನ ಯಾರಾದರೂ ತೆಗೆದಿದ್ದರಾ?” ಎಂದು ಕೇಳಿದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

“ಯಾರು ತೆಗೀತಾರೆ ಸ್ವಾಮಿ? ಬೀಗ ನನ್ನ ಹತ್ರಾನೇ ಇರುತ್ತೆ. ಅರಗು ಒಡೆದಿಲ್ಲ ನೋಡಿ.”

“ಮತ್ತೆ ಕಡಿಮೆಯಾಗಿದೆ?”

ಜವಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎಷ್ಟೋ ಮಂದಿಗೆ ಹೇಳಿ ಸಾಕಾದವರ ಹಾಗೆ ಹೇಳಿದರು: “ಸ್ಪಿರಿಟ್ಟು ಅಲ್ವಾ, ಹಾರಿ ಹೋಗುತ್ತೆ. ಬಿರಡೆ ಎಷ್ಟು ಬಿಗಿದ್ರೂ ಅಷ್ಟೇ. ಎಲ್ಲಾ ಶೀಷೆಗಳೂ ಹಂಗೇ, ಆಗಾಗ ತುಂಬ್ತಾ ಇರಬೇಕು. ಬೇಸಿಗೇಲಂತೂ ಕೇಳೋದೇ ಬೇಡ.”

ಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ ಹೊರಟೆ. ರೈಲಿನಲ್ಲಿ, ಆಮೇಲೆ ಗಾಡಿಯಲ್ಲಿ, ದಾರಿಯುದ್ದಕ್ಕೂ ಅದೊಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಮೊಳಕಾಲ್ಮೂರು ಸೇರಿದಾಗ ಸಂಜೆಯಾಗುತ್ತ ಬಂದಿತ್ತು. ಗಂಟನ್ನು ಜಗಲಿಯ ಮೇಲೆ ಎಸೆದು ನೆಟ್ಟಗೆ ಎದುರು ಮನೆಗೆ ಹೋದೆ. ಅಕ್ಕ ಒಬ್ಬಳೇ ಇದ್ದಳು. ರೊಟ್ಟಿ ತಟ್ಟುತ್ತಿದ್ದಳು.

ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಬೀಗ ಹಾಕಿದ ಬೀರು, ಒಡೆಯದ ಅರಗು, ಎಳೆಯ ಕೆಳಗೆ ಇಳಿದ ಸ್ಪಿರಿಟ್ಟು, ಜವಾನರ ಮಾತು. “ಅಣ್ಣ ನಿಜ ಹೇಳಿದ್ದ ಅಕ್ಕ. ತಪ್ಪು ನಂದು. ಚುಕ್ಕಿ ಇಟ್ಟದ್ದೂ ತಪ್ಪು, ನಿನ್ನ ಕೇಳಿದ್ದೂ ತಪ್ಪು.”

ಅವಳ ಕೈ ಹಿಟ್ಟಿನ ಮೇಲೆಯೇ ನಿಂತುಹೋಯಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡಿತು. ಅದನ್ನು ತೆಗೆದು ಬದಿಗೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡಳು. “ಒಂದು ವರ್ಷ ಆತಲ್ರಿ ಮೇಷ್ಟ್ರೇ,” ಎಂದಳು. ಅಷ್ಟೇ.

ನಾನು ನನ್ನ ಜಗಲಿಗೆ ಬಂದು ಕೂತೆ. ಅವತ್ತು ಹಿತ್ತಲಿಗೆ ಹೋಗಲಿಲ್ಲ. ಅವನಿಗೂ ಹೇಳಬೇಕಿತ್ತು. ಸ್ವಲ್ಪ ಹೊತ್ತಿಗೆ ಅಣ್ಣ ಬೀದಿಯ ಆ ತುದಿಯಿಂದ ಬಂದ, ಮೊಣಕೈವರೆಗೆ ಅರಿಸಿನದ ಬಣ್ಣ ಹತ್ತಿತ್ತು. ನನ್ನನ್ನು ಕಂಡು, “ಯಾವಾಗ ಬಂದ್ರಿ?” ಎಂದ. ನಾನು ಎದ್ದು ಜಗಲಿ ಇಳಿಯುವಷ್ಟರಲ್ಲೇ ಅವನು ತನ್ನ ಬಾಗಿಲಿಗೆ ಹೋಗಿ, ಹೊಸ್ತಿಲ ಆಚೆ ನಿಂತು, ದಿನದಂತೆ ಕಣ್ಣು ಮುಚ್ಚಿ ಬಾಯಿ ತೆಗೆದ.

ಬಾಗಿಲಲ್ಲಿ ಯಾರೂ ಇರಲಿಲ್ಲ. ಅವನಿಗೆ ಅದು ಗೊತ್ತಾಗಲಿಲ್ಲ. ಹಾಗೇ ಬಾಯಿ ತೆಗೆದುಕೊಂಡು ಕಾಯುತ್ತ ನಿಂತಿದ್ದ.

ಒಳಗಿನಿಂದ ಅಕ್ಕನ ದನಿ ಬಂತು: “ಒಳಗ್ ಬಾ. ರೊಟ್ಟಿ ಆರ್ತೈತೆ.”